ಒಂದು ಪಿಎಚ್.ಡಿ., ಇಬ್ಬರು ಗೈಡ್: ಸಂಭಾಳಿಸೋದು ಹ್ಯಾಂಗ?

ಕೋ-ಗೈಡ್, ಅಂದರೆ ಗೈಡ್ ಜೊತೆಗೆ ಎರಡನೇ ಮಾರ್ಗದರ್ಶಕರು, ಬೇಕೋ ಬೇಡವೋ ಎಂದು ಕೇಳಿಕೊಂಡು ಬರುವ ಜೂನಿಯರ್‌ಗಳಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಗೈಡ್ ಕೈಲಿ ತಿದ್ದಲು ಆಗದ ಅಧ್ಯಾಯ ಯಾವುದು? ಥಟ್ಟನೆ ಹೇಳಲು ಬರದಿದ್ದರೆ ಕೋ-ಗೈಡ್ ಬೇಡ. "ದೊಡ್ಡ ಹೆಸರು ಇರ್ಲಿ, ವೈವಾದಾಗ ಅನುಕೂಲ ಆಗ್ತದ" ಅಂತ ಸೇರಿಸಿಕೊಂಡವರಿಗೆ ಸಿಕ್ಕಿದ್ದು ಇನ್ನೊಂದು ಸಹಿಗಾಗಿ ಅಲೆದಾಟ, ಅಷ್ಟೇ.

ನನಗೆ ಬೇಕಾಗಿತ್ತು. ನಾನು ಕಲಬುರಗಿಯಲ್ಲಿ ಇತಿಹಾಸ ಓದಿದವಳು; ವಿಷಯ ಬೀದರಿನ ನೌಬಾದ್ ಸುರಂಗ ಬಾವಿ, ಬಹಮನಿ ಕಾಲದ ಕರೇಜ್, ಅಂದರೆ ಅಂತರ್ಜಲವನ್ನು ನೆಲದಡಿಯಿಂದಲೇ ಹರಿಸಿ ತರುವ ಸುರಂಗ. ಫಾರಸಿ ಆಕರಗಳು, ಶಾಸನಗಳು, ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ನಮ್ಮೂರಿಂದ ಬೀದರಿಗೆ ಒಯ್ದ ಕಥೆ, ಇವನ್ನೆಲ್ಲ ಗೈಡ್ ಸರ್ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಆದರೆ ನೀರು ಅಲ್ಲೇ ಯಾಕೆ ಸಿಕ್ಕಿತು? ಬೀದರ್ ಕೂತಿರುವುದು ಜಂಬಿಟ್ಟಿಗೆಯ ಪದರದ ಮೇಲೆ. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲಿಗೆ ಬಂದು ನಿಂತು, ಅಡ್ಡಕ್ಕೆ ಹರಿಯುತ್ತದೆ. ಕರೇಜ್‌ಗೆ ನೀರು ಬರುವುದು ಆ ಸಂದಿನಿಂದ. ಇದನ್ನು ತಪ್ಪಿಲ್ಲದೆ ಬರೆಯಲು ಭೂವಿಜ್ಞಾನದವರು ಬೇಕು. ಹಾಗೆ ಬಂದವರು ಬೇರೆ ವಿಶ್ವವಿದ್ಯಾಲಯದ ಮೇಡಂ.

ನಿಯಮ ಸರಳ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್.ಡಿ. ನಿಯಮಾವಳಿ ಕೋ-ಗೈಡ್‌ಗೆ ಅವಕಾಶ ಕೊಟ್ಟಿದೆ. ಅದೇ ವಿಭಾಗದವರು, ಬೇರೆ ವಿಭಾಗದವರು, ಹೊರಗಿನ ಸಂಸ್ಥೆಯವರು, ಯಾರಾದರೂ ಆಗಬಹುದು. ವಿಶ್ವವಿದ್ಯಾಲಯದ ಒಪ್ಪಿಗೆ ಮಾತ್ರ ಬೇಕು. ಬಾಯಿಮಾತಿನ ಒಪ್ಪಿಗೆ ನಂಬಿ ಕೆಲಸ ಶುರು ಮಾಡಬೇಡಿ, ಆದೇಶದ ಪ್ರತಿ ಫೈಲ್‌ನಲ್ಲಿ ಇರಲಿ.

ಕೇಳುವ ರೀತಿ ಇದಕ್ಕಿಂತ ಮುಖ್ಯ. ಗೈಡ್‌ಗೆ ಗೊತ್ತಿಲ್ಲದೆ ಹೊರಗಿನವರನ್ನು ಮಾತಾಡಿಸಿ ಬಂದಿರೋ, ಕೆಲಸ ಕೆಟ್ಟಂತೆ. "ಸರ್, ನನಗ ಕೋ-ಗೈಡ್ ಬೇಕ್ರಿ" ಅಂದರೆ ನಿಮ್ಮಿಂದ ಆಗುವುದಿಲ್ಲ ಅಂದ ಹಾಗೆ ಕೇಳಿಸುತ್ತದೆ. "ಸರ್, ಈ ಕಲ್ಲಿನ ಅಧ್ಯಾಯ ಯಾರಿಗೆ ತೋರಿಸ್ಲಿರಿ?" ಅನ್ನಿ. ಹೆಸರು ಅವರ ಬಾಯಿಂದಲೇ ಬರಲಿ. ಮುಂದೆ ಜಟಾಪಟಿ ಬಂದರೂ "ನಾನೇ ಹೇಳಿದವರು" ಅನ್ನುವ ಮರ್ಯಾದೆ ಉಳಿದಿರುತ್ತದೆ.

ಒಪ್ಪಿಗೆ ಬಂದ ಮೇಲೆ ಇಬ್ಬರನ್ನೂ ಒಮ್ಮೆ ಎದುರುಬದುರು ಕೂಡಿಸಿ, ಆಗದಿದ್ದರೆ ಗೂಗಲ್ ಮೀಟ್ ಆದರೂ ಸರಿ. ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಅಧ್ಯಾಯ ಯಾರು ಮೊದಲು ನೋಡುತ್ತಾರೆ, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ, ಪೇಪರ್ ಮಾಡಿದರೆ ಹೆಸರುಗಳ ಕ್ರಮ ಏನು. ಕೊನೆಯದನ್ನು ಸಂಕೋಚದಿಂದ ಬಿಟ್ಟುಬಿಡುವವರೇ ಹೆಚ್ಚು. ಪೇಪರ್ ಸಿದ್ಧವಾದ ಮೇಲೆ ಕೇಳುವುದು ಇನ್ನೂ ಕಷ್ಟ. ಅದೇ ದಿನ ರಾತ್ರಿ ಹಾಳೆಯನ್ನು ಇಬ್ಬರಿಗೂ ಒಂದೇ ಮೇಲ್‌ನಲ್ಲಿ ಕಳಿಸಿ.

ಆಮೇಲೂ ಜಗಳ ಬರುತ್ತದೆ. ನನ್ನ ಮೂರನೇ ಅಧ್ಯಾಯದ ಒಂದೇ ಪುಟದ ಎಡಗಡೆ ಸರ್ ಕೆಂಪು ಪೆನ್ನಿನಲ್ಲಿ ಬರೆದಿದ್ದರು: "ಬರೀ ಕಲ್ಲು ಕಲ್ಲು. ಸುಲ್ತಾನ ಎಲ್ಲಿ?" ಅದೇ ಪುಟಕ್ಕೆ ಮೇಡಂ ಕಾಮೆಂಟ್: "ಸುಲ್ತಾನ ಮೂರು ಸಲ ಬಂದ, ನೀರಿನ ಮಟ್ಟ ಒಂದು ಸಲಾನೂ ಇಲ್ಲ." ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ಪಿಎಚ್.ಡಿ. ಮಾಡುವವರಿಗೇ ಹೇಳಿದ ಮಾತು ಅದು.

ಇಂಥ ಹೊತ್ತಲ್ಲಿ ಅವರ ಹತ್ತಿರ ಹೋಗಿ ಇವರ ಮಾತು, ಇವರ ಹತ್ತಿರ ಬಂದು ಅವರ ಮಾತು ಹೇಳಬೇಡಿ. "ಮೇಡಂ ಹಿಂಗಂದ್ರು" ಅನ್ನುವ ವಾಕ್ಯವೇ ಬಾಯಿಂದ ಬರಬಾರದು. ನಾನು ಮೂರು ಕಾಲಂ ಹಾಕಿದೆ: ಸರ್ ಸೂಚನೆ, ಮೇಡಂ ಸೂಚನೆ, ನಾನು ಮಾಡಬೇಕೆಂದಿರುವುದು. ಮೂರನೇ ಕಾಲಂ ಖಾಲಿ ಬಿಟ್ಟರೆ ತೀರ್ಪು ಕೊಡುವ ಕೆಲಸ ಅವರ ತಲೆಗೆ ಹೋಗುತ್ತದೆ, ಆಗಲೇ ಹಟ ಹುಟ್ಟುವುದು. ನೀವೇ ಒಂದು ದಾರಿ ಬರೆದಿದ್ದರೆ ಅವರು ಹೂಂ ಅಥವಾ ಊಹೂಂ ಅಂದರೆ ಸಾಕು. ಕಲ್ಲಿನ ಪದರ, ಗಾಳಿಬಾವಿಗಳ (ಮೇಲಿನಿಂದ ಸುರಂಗಕ್ಕೆ ಇಳಿಯುವ ಬಾವಿಗಳು) ಆಳ, ನೀರಿನ ಮಟ್ಟ ತೋರಿಸುವ ಅಡ್ಡಕೊಯ್ತದ ಚಿತ್ರ ಮೊದಲು. ಕಟ್ಟಿಸಿದವರ ಕಥೆ ಅದರ ಹಿಂದೆ. ಇದು ನನ್ನ ಕಾಲಂನಲ್ಲಿ ಇದ್ದದ್ದು. ಇಬ್ಬರೂ ಒಪ್ಪಿದರು. ನನಗೆ ಕಂಡಂತೆ ಅವರಿಬ್ಬರ ನಡುವೆ ಭಿನ್ನಾಭಿಪ್ರಾಯವೇ ಇರಲಿಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ವಿಷಯದ ಪರೀಕ್ಷಕರನ್ನು ಎದುರಿಗಿಟ್ಟುಕೊಂಡು ಓದುತ್ತಿದ್ದರು.

ಫೈಲ್ ಒಂದೇ ಇರಲಿ. ಒಂದೇ ಅಧ್ಯಾಯವನ್ನು ಒಂದೇ ದಿನ ಇಬ್ಬರಿಗೂ ಕಳಿಸಬೇಡಿ. ವಿಷಯ ಬಲ್ಲವರು ಮೊದಲು, ಅವರ ತಿದ್ದುಪಡಿ ಸೇರಿದ ಮೇಲೆ ಮತ್ತೊಬ್ಬರು. ಅಡಿಟಿಪ್ಪಣಿಯೋ ಆವರಣದಲ್ಲಿ ಹೆಸರು-ವರ್ಷವೋ ಎಂಬ ವಾದಕ್ಕೆ ಇಳಿಯಲೇಬೇಡಿ, ವಿಶ್ವವಿದ್ಯಾಲಯದ ಮಾದರಿ ತೋರಿಸಿ ಮುಗಿಸಿ.

ಪ್ರತಿ ಸೆಮಿಸ್ಟರ್‌ಗೂ ಸಂಶೋಧನಾ ಸಲಹಾ ಸಮಿತಿ ಎದುರು ಪ್ರಗತಿ ಹೇಳಬೇಕು. ಅದರ ಸಂಚಾಲಕರು ನಿಮ್ಮ ಗೈಡ್. ದಿನಾಂಕ ಗೊತ್ತಾದ ಕೂಡಲೇ ಕೋ-ಗೈಡ್‌ಗೂ ತಿಳಿಸಿ. ಬರಲು ಆಗದಿದ್ದರೆ ನಾಲ್ಕು ಸಾಲು ಬರೆಸಿಕೊಂಡು ಸಮಿತಿ ಎದುರು ಇಡಿ. "ಅವ್ರಿಗೆ ಗೊತ್ತದ ಏನು?" ಅನ್ನುವ ಪ್ರಶ್ನೆ ಸಮಿತಿಯಲ್ಲಿ ಬಂದೇ ಬರುತ್ತದೆ.

ಗೈಡ್ ವಯಸ್ಸನ್ನೂ ಲೆಕ್ಕ ಹಾಕಿ, ಇದರಲ್ಲಿ ನಾಚಿಕೆ ಏನಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಈಗಾಗಲೇ ನೋಂದಣಿ ಆದವರಿಗೆ ನಿವೃತ್ತಿವರೆಗೆ ಗೈಡ್ ಆಗಿ, ಆಮೇಲೆ 70 ವರ್ಷ ತುಂಬುವ ತನಕ ಕೋ-ಗೈಡ್ ಆಗಿ ಇರಬಹುದು. ಅಂದರೆ ನಿಮ್ಮ ಸರ್ ನಿವೃತ್ತರಾದ ಮರುದಿನ ಬೇರೆಯವರ ಹೆಸರು ಗೈಡ್ ಜಾಗಕ್ಕೆ ಬರಬೇಕು. ಅದು ನಿಮ್ಮ ಕೆಲಸ ಬಲ್ಲವರದ್ದೇ ಆಗಲಿ ಎಂದು ಒಂದು ವರ್ಷ ಮೊದಲೇ ವಿಭಾಗದಲ್ಲಿ ಮಾತು ತೆಗೆಯಿರಿ.

ಕೊನೆಗೆ ಸಹಿ. ಪ್ರಬಂಧದ ದೃಢೀಕರಣ ಪತ್ರಕ್ಕೆ ಕೋ-ಗೈಡ್ ಸಹಿಯೂ ಬೇಕೇ ಎಂದು ಪಿಎಚ್.ಡಿ. ಸೆಕ್ಷನ್‌ನಲ್ಲಿ ಮೊದಲೇ ಕೇಳಿ. ಬೇಕೆಂದರೆ, ಮೇ ರಜೆ ಶುರುವಾಗುವ ಮುಂಚೆ ನೀವೇ ಅವರ ಊರಿಗೆ ಹೋಗಿ, ಬೇಕಿರುವುದಕ್ಕಿಂತ ಎರಡು ಪ್ರತಿ ಹೆಚ್ಚಿಗೆ ಸಹಿ ಮಾಡಿಸಿಕೊಂಡು ಬನ್ನಿ. ಮೊಹರು ಮರೆಯಬೇಡಿ.