ವಿವರಿಸುವವರು ಯಾರು, ಯಾರಿಗಾಗಿ?

ಉರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡಾಗ ಕಥೆ ಮುಂದೇನಾಗುತ್ತದೆ ಎಂಬ ಕುತೂಹಲ ಉಳಿದಿರಲಿಲ್ಲ. ಹಾಗಾಗಿ ಪೆನ್ಸಿಲ್ ಹಿಡಿದು ಒಂದೇ ಪ್ರಶ್ನೆಯ ಬೆನ್ನುಹತ್ತಿದೆ. ಗೆಥೆನ್ ಎಂಬ ಆ ಹಿಮಗ್ರಹದ ಒಂದೊಂದು ವಿವರವೂ ಯಾರ ಬಾಯಿಂದ, ಯಾರ ಸಲುವಾಗಿ ಬರುತ್ತಿದೆ? ಹೇಳಿದವರ ಹೆಸರಿನ ಮೊದಲಕ್ಷರವನ್ನು ಪುಟದ ಅಂಚಿನಲ್ಲಿ ಬರೆಯುತ್ತಾ ಹೋದೆ. ವಿವರಣೆಯೇ ಇಲ್ಲದೆ ಬಂದ ಸಂಗತಿಯ ಪಕ್ಕದಲ್ಲಿ ಸೊನ್ನೆ ಹಾಕಿದೆ.

ಮೊದಲ ಅಧ್ಯಾಯದಲ್ಲಿ ಸೊನ್ನೆಗಳು ಕಡಿಮೆ. ಬೇರೆ ಲೋಕದಿಂದ ಬಂದ ದೂತ ಜೆನ್ಲಿ ಐ ವರದಿ ಬರೆಯುತ್ತಿರುವುದು ತನ್ನವರಿಗಾಗಿ. ಆದ್ದರಿಂದ ಅವನು ವಿವರಿಸಲೇಬೇಕು. ರಾಜನು ಕಮಾನಿನ ನೆತ್ತಿಯ ಕಲ್ಲನ್ನು ಕೂರಿಸುವಾಗ ಗಾರೆ ಏಕೆ ಕೆಂಪಗಿದೆ ಎಂದು ಅವನು ಕೇಳುತ್ತಾನೆ. ಹಿಂದೆ ಮನುಷ್ಯರ ಮೂಳೆಯ ಪುಡಿಯನ್ನೂ ರಕ್ತವನ್ನೂ ಕಲಸಿ ಗಾರೆ ಮಾಡುತ್ತಿದ್ದರು, ಈಗ ಪ್ರಾಣಿಗಳ ರಕ್ತ ಸಾಕು ಎಂದು ಪ್ರಧಾನಿ ಎಸ್ಟ್ರಾವೆನ್ ತಣ್ಣಗೆ ಹೇಳುತ್ತಾನೆ. ಒಂದು ನಾಡಿನ ಇತಿಹಾಸ ಆ ಉತ್ತರದಲ್ಲಿ ಸಿಕ್ಕಿಬಿಡುತ್ತದೆ; ಹೇಳಿದವನ ಬಗ್ಗೆ ಕೇಳಿದವನಿಗಿರುವ ಗುಮಾನಿಯೂ ನಮಗೆ ಅಂಟಿಕೊಳ್ಳುತ್ತದೆ. ಲೋಕನಿರ್ಮಾಣ ಬೇರೆ, ನಿರೂಪಣೆಯ ದೃಷ್ಟಿಕೋನ ಬೇರೆ ಎಂದು ಎರಡು ಪಟ್ಟಿ ಮಾಡುವ ಯೋಚನೆಯನ್ನು ನಾನು ಅಲ್ಲಿಯೇ ಕೈಬಿಟ್ಟೆ.

ಆರನೆಯ ಅಧ್ಯಾಯವನ್ನು ಎಸ್ಟ್ರಾವೆನ್‌ನೇ ಹೇಳುತ್ತಾನೆ. ಅಂಚಿನ ತುಂಬ ಸೊನ್ನೆಗಳು. ತನ್ನ ನೆಲ, ತನ್ನ ಚಳಿ, ತನ್ನವರ ಮಾನಮರ್ಯಾದೆಯ ಲೆಕ್ಕಾಚಾರ ಯಾವುದನ್ನೂ ಅವನು ಬಿಡಿಸಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಅವನಿಗಿಲ್ಲ. ಜೆನ್ಲಿಯ ಕಣ್ಣಿಗೆ ಕಪಟಿಯಂತೆ ಕಂಡವನು ಅವನ ಹಿತಕ್ಕಾಗಿಯೇ ದುಡಿದಿದ್ದನೆಂಬುದು ಆ ಮೌನದ ನಡುವೆ ನಮಗೆ ತಿಳಿಯುತ್ತದೆ.

ಗೆಥೆನ್‌ನ ಜನ ಹುಟ್ಟಿನಿಂದ ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂಬ ಮುಖ್ಯ ಸಂಗತಿಯ ಕ್ರಮಬದ್ಧ ವಿವರಣೆ ಬರುವುದು ಏಳನೆಯ ಅಧ್ಯಾಯದಲ್ಲಿ, ಹಿಂದೆ ಬಂದುಹೋದ ಸಂಶೋಧಕಿಯೊಬ್ಬಳ ಟಿಪ್ಪಣಿಯಾಗಿ. ಅದಕ್ಕೂ ಮುಂಚೆ ಒಂದು ತಮಾಷೆಯಿದೆ. ತಾನು ಮನೆಯೊಡತಿ ಎಂದೇ ಭಾವಿಸಿಕೊಂಡಿದ್ದ ವ್ಯಕ್ತಿಯನ್ನು ಎಷ್ಟು ಮಕ್ಕಳನ್ನು ಹೆತ್ತಿರಿ ಎಂದು ಜೆನ್ಲಿ ಕೇಳಿದರೆ, ಹೆತ್ತದ್ದು ಒಂದೂ ಇಲ್ಲ, ತಂದೆಯಾದದ್ದು ನಾಲ್ಕಕ್ಕೆ ಎಂಬ ಉತ್ತರ ಬರುತ್ತದೆ. ಟಿಪ್ಪಣಿ ಬರೆದವಳು ಹೆಣ್ಣು ಎಂಬುದು ಆ ಅಧ್ಯಾಯದ ಕೊನೆಗಷ್ಟೇ ಬಯಲಾಗುತ್ತದೆ. ಅಲ್ಲಿಯವರೆಗಿನ ಪುಟಗಳನ್ನು ಗಂಡಿನ ಮಾತೆಂದು ಓದಿದ್ದೆವೋ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಅತ್ಯಂತ ಜಾಣ ಜೋಡಣೆ ಇದೇ. ನಡುನಡುವೆ ಬರುವ ಪುರಾಣಕಥೆಗಳಿಗೆ ಯಾವ ಅಕ್ಷರ ಹಾಕಬೇಕೆಂಬುದು ಮಾತ್ರ ನನಗೆ ಬಗೆಹರಿಯಲಿಲ್ಲ.

ಮುಂದೆ ಜೆನ್ಲಿ ಮತ್ತು ಎಸ್ಟ್ರಾವೆನ್ ಜೊತೆಯಾಗಿ ಹಿಮದ ಮೇಲೆ ಮಾಡುವ ಪಯಣವನ್ನು ಇಬ್ಬರೂ ಹೇಳುತ್ತಾರೆ. ಎಸ್ಟ್ರಾವೆನ್‌ನ ದಿನಚರಿಯಲ್ಲಿ ದಿನಾಂಕಗಳು ಕೂಡ ಅವನದೇ ಪಂಚಾಂಗದವು. ಅದರ ಕೀಲಿಕೈ ಅನುಬಂಧದಲ್ಲಿದೆ. ಜೆನ್ಲಿಯ ಪುಟಗಳಲ್ಲಿಯೂ ಈಗ ಸೊನ್ನೆಗಳು ಹೆಚ್ಚುತ್ತವೆ. ಕಡೆಯ ಅಧ್ಯಾಯದಲ್ಲಿ ಅವನವರ ಆಕಾಶನೌಕೆ ಇಳಿದಾಗ, ಒಳಗಿನಿಂದ ಬಂದ ಗಂಡಸರೂ ಹೆಂಗಸರೂ ಎರಡು ಬೇರೆ ಜಾತಿಯ ವಿಚಿತ್ರ ಪ್ರಾಣಿಗಳಂತೆ ಕಾಣುತ್ತಾರೆ. ಅವನು ಈಗ ವಿವರಿಸುತ್ತಿರುವುದು ತನ್ನವರನ್ನೇ.