ಗಿರಣಿ ಮನೆಗೆ ಬಂದ ಮೇಲೆ ಹೊಟ್ಟೆ ಸುಮ್ಮನಾಯಿತು

ನನಗೆ ಸೀಲಿಯಾಕ್ ಇದೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನು ಹೊಟ್ಟೆಗೆ ಹೋದರೆ ಸಣ್ಣ ಕರುಳು ಕೆಡುವ ಕಾಯಿಲೆ ಅದು. ಗ್ಲುಟನ್ ಒಳಗೆ ಹೋಗ್ತಾ ಇದ್ದರೆ ಏರಿ, ನಿಂತರೆ ನಿಧಾನಕ್ಕೆ ಇಳಿಯುವ ರಕ್ತಪರೀಕ್ಷೆಯ ಅಂಕಿ ಟಿಟಿಜಿ. ಕಳೆದ ತಿಂಗಳು ನನ್ನ ಟಿಟಿಜಿ 14 ಬಂತು. ನಾನು ಹೋಗುವ ಲ್ಯಾಬಿನ ರಿಪೋರ್ಟಿನಲ್ಲಿ 20ರ ಒಳಗಿದ್ದರೆ ಸರಿ ಅಂತ ಇರುತ್ತೆ. ನಾಲ್ಕು ವರ್ಷದ ಹಿಂದೆ 200ರ ಮೇಲಿತ್ತು. ಹಿಮೋಗ್ಲೋಬಿನ್ ಆಗ 7 ಚಿಲ್ಲರೆ, ಈಗ 12ರ ಹತ್ತಿರ. "ಜೋಳ ತಿನ್ನೋರಿಗೆ ಎಲ್ಲಿಯ ಗೋಧಿ ಕಾಯಿಲೆ? ಅದು ಉತ್ತರದ ಕಡೆಯವರಿಗೆ ಬರೋದು" ಅಂತ ದಾವಣಗೆರೆಯ ನಮ್ಮ ಮನೆಗೆ ಬಂದವರೆಲ್ಲ ಕಾಫಿ ಕುಡಿದು ಹೇಳಿಹೋಗಿದ್ದರು. ಅವರಿಗೂ ಓದಲು ಸಿಗಲಿ ಅಂತ ಬರೆಯುತ್ತಿದ್ದೇನೆ.

ಕಾಯಿಲೆ ಇದೇ ಅಂತ ಖಚಿತವಾಗಲು ಎಂಡೋಸ್ಕೋಪಿ, ಬಯಾಪ್ಸಿ ಸೇರಿ ಒಂಬತ್ತೋ ಹತ್ತೋ ಸಾವಿರ ಆಯಿತು. ಅದಕ್ಕೂ ಮುಂಚೆ ಆರು ವರ್ಷ ನುಂಗಿದ ಕಬ್ಬಿಣದ ಮಾತ್ರೆಗೆ ಲೆಕ್ಕ ಇಟ್ಟಿಲ್ಲ.

ಮೊದಲ ವರ್ಷ ಪ್ಯಾಕೆಟ್ ನಂಬಿ ಕೆಟ್ಟೆ. ಗ್ಲುಟನ್ ಫ್ರೀ ಬ್ರೆಡ್ಡು, ಬಿಸ್ಕತ್ತು, ಪಾಸ್ತಾ ಎಲ್ಲ ಆನ್‌ಲೈನ್‌ನಲ್ಲಿ ತರಿಸಿದೆ. ತಿಂಗಳಿಗೆ ಮೂರೂವರೆ ನಾಲ್ಕು ಸಾವಿರ. ಬ್ರೆಡ್ಡಿನಲ್ಲಿ ಇದ್ದದ್ದು ಬರೀ ಗಂಜಿ ಪುಡಿ, ಸಕ್ಕರೆ, ಎಣ್ಣೆ. ತೂಕ ಆರು ಕೆಜಿ ಏರಿತು, ಮಲಬದ್ಧತೆ ಶುರುವಾಯಿತು, ರಕ್ತ ಮಾತ್ರ ಏರಲಿಲ್ಲ. ಗೋಧಿ ಬಿಟ್ಟಿದ್ದೆ ನಿಜ, ಆದರೆ ಊಟ ಅನ್ನೋದೇ ಬಿಟ್ಟಹಾಗಾಗಿತ್ತು. ಇದರ ಮಧ್ಯೆ ಶಕ್ತಿ ಬರಲಿ ಅಂತ ನಾದಿನಿ ತಂದ ಮಾಲ್ಟ್ ಡಬ್ಬಿಯನ್ನು ಎರಡು ತಿಂಗಳು ಕುಡಿದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬಾರ್ಲಿ ಅಂತ ಇತ್ತು. ಬಾರ್ಲಿ ಅಂದರೆ ಜವೆಗೋಧಿ! ಸಾರಿಗೆ ಹಾಕುವ ಇಂಗಿನ ಡಬ್ಬಿಯಲ್ಲೂ ಮೈದಾ ಇತ್ತು.

ಆಮೇಲೆ ಎಲ್ಲ ಬಿಸಾಕಿ ಹಳೇ ಊಟಕ್ಕೆ ಬಂದೆ. ಬೆಳಿಗ್ಗೆ ಜೋಳದ ರೊಟ್ಟಿ, ಮಧ್ಯಾಹ್ನ ನವಣೆ ಅನ್ನ ಇಲ್ಲಾ ಅಕ್ಕಿ ಅನ್ನ, ರಾತ್ರಿ ಮುದ್ದೆ. ಬಹಳ ಹೆಮ್ಮೆಯಿಂದ ಎಂಟು ತಿಂಗಳು ಮಾಡಿದೆ. ಟಿಟಿಜಿ 90ರ ಹತ್ತಿರ ಬಂದು ನಿಂತುಬಿಟ್ಟಿತು. ಹೊಟ್ಟೆ ಉಬ್ಬರ ಹೋಗಲಿಲ್ಲ. "ಕದ್ದು ಏನೋ ತಿಂತಾ ಇದ್ದೀಯಾ" ಅಂತ ಮನೆಯವರು ಒಂದು ಸಲ ಕೇಳಿಯೇಬಿಟ್ಟರು. ಅವತ್ತು ರಾತ್ರಿ ಊಟ ಮಾಡಲಿಲ್ಲ ನಾನು.

ತಪ್ಪು ಗೊತ್ತಾಗಿದ್ದು ಓಣಿಯ ಗಿರಣಿಯಲ್ಲಿ. ಜೋಳದ ಡಬ್ಬ ಹಿಡಿದು ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿನವರದು ಗೋಧಿ. ಅವರ ಹಿಟ್ಟು ಇಳಿದು ಮುಗಿಯುತ್ತಿದ್ದಂತೆ ಗಿರಣಿಯವನು ಬಟ್ಟೆ ಚೀಲವನ್ನು ಎರಡು ಸಲ ಕೊಡವಿ, ನನ್ನ ಜೋಳ ಸುರಿದ. ಮೊದಲು ಇಳಿದ ಹಿಟ್ಟು ಕೆಂಚಗಿತ್ತು, ಆಮೇಲೆ ಬಿಳಿ ಬಂತು. ಎಂಟು ತಿಂಗಳು ಅದೇ ಹಿಟ್ಟನ್ನು ಬಡಿದು ತಿಂದಿದ್ದೇನೆ! ನಮ್ಮ ದೇಶದ ನಿಯಮದಲ್ಲಿ ಗ್ಲುಟನ್ ಫ್ರೀ ಅಂದರೆ ಕೆಜಿಗೆ 20 ಮಿಲಿಗ್ರಾಂ ಮೀರಬಾರದು. ಐದು ಕೆಜಿ ಜೋಳದ ಹಿಟ್ಟಿಗೆ ಒಂದು ಚಮಚ ಗೋಧಿ ಹಿಟ್ಟು ಬೆರೆತರೆ ಸಾಕು, ಅದು ದಾಟುತ್ತೆ.

ಬೆಳಿಗ್ಗೆ ಬೇಗ ಹೋಗಿ, ಮೊದಲು ಎರಡು ಕೆಜಿ ನುಚ್ಚಕ್ಕಿ ಹಾಕಿಸಿ ಕಲ್ಲು ತೊಳೆದ ಹಾಗೆ ಮಾಡಿಸಿ, ಆಮೇಲೆ ಜೋಳ ಹಾಕಿಸಿ ನೋಡಿದೆ. ಆ ಎರಡು ಕೆಜಿ ಹಿಟ್ಟು ಪಕ್ಕದ ಮನೆಯ ಎಮ್ಮೆಗೆ. ಮೂರು ತಿಂಗಳು ಹೀಗೆ ನಡೆಯಿತು. ಟಿಟಿಜಿ 60ಕ್ಕೆ ಇಳಿಯಿತು, ಅಷ್ಟೇ. ಗಿರಣಿಯ ಗಾಳಿಯಲ್ಲೇ ಗೋಧಿ ಹಿಟ್ಟು ಹಾರಾಡುತ್ತಿರುತ್ತೆ, ಅದನ್ನು ಯಾರು ತೊಳೀತಾರೆ?

ಕೊನೆಗೆ ಮನೆಗಿರಣಿ ತಂದೆ. ಒಂದು ಎಚ್‌ಪಿ, ಹದಿನೇಳು ಸಾವಿರ ಚಿಲ್ಲರೆ. ಮನೆಯಲ್ಲಿ ದೊಡ್ಡ ಜಗಳ. "ರೊಟ್ಟಿಗೋಸ್ಕರ ಗಿರಣಿ ಕೊಳ್ಳೋಳು ಊರಲ್ಲಿ ಇವಳೊಬ್ಬಳೇ" ಅಂದರು ಅತ್ತೆ. ಚೀಟಿ ದುಡ್ಡು ನನ್ನದು, ಸುಮ್ನೆ ತಂದೆ. ಪ್ಯಾಕೆಟ್ ಖರ್ಚು ನಿಂತದ್ದರಲ್ಲಿ ಐದಾರು ತಿಂಗಳಿಗೆ ದುಡ್ಡು ವಾಪಸ್ ಬಂದಹಾಗೆ, ಅಲ್ವಾ? ಸದ್ದು ಮಾತ್ರ ಜಾಸ್ತಿ. ಜೊತೆಗೆ ಜರಡಿ, ಲಟ್ಟಣಿಗೆ, ಮರದ ಹಲಗೆ ಹೊಸದು ತಂದೆ. ಜರಡಿಯ ಕಣ್ಣಿನಲ್ಲಿ ಕೂತ ಹಿಟ್ಟು ಎಷ್ಟು ತಿಕ್ಕಿದರೂ ಹೋಗಲ್ಲ. ಮಕ್ಕಳ ಚಪಾತಿಗೆ ಹಂಚು ಬೇರೆ.

ಕಾಳು ಆರಿಸುವುದನ್ನು ಮರೀಬೇಡಿ. ಅಂಗಡಿಯ ಜೋಳವನ್ನು ಮೊರದಲ್ಲಿ ಹರಡಿದರೆ ಗುಂಡಗೆ, ಬೆಳ್ಳಗೆ ಕಾಣುತ್ತೆ. ನಡುವೆ ಒಂದು ಉದ್ದನೆ ಕಂದು ಕಾಳು, ಹೊಟ್ಟೆಯ ಮೇಲೆ ಉಗುರಲ್ಲಿ ಗೀರಿದ ಹಾಗೆ ಸೀಳು. ಅದೇ ಗೋಧಿ. ಒಂದು ಸಲ ಎರಡು ಕೆಜಿಯಲ್ಲಿ ಹನ್ನೊಂದು ಸಿಕ್ಕವು. ಚೀಲ ಗೋಧಿಯದಾಗಿರಬೇಕು. ಈಗ ನವಣೆ, ಸಾಮೆ ತವರಿಂದಲೇ ಬರುತ್ತೆ, ಹೊಸದುರ್ಗದ ಕಡೆ. ನಮ್ಮ ಹೊಲಗಳ ಸುತ್ತ ಗೋಧಿ ಬೆಳೆಯಲ್ಲ, ಚೀಲವೂ ನಮ್ಮದೇ.

ಗಿರಣಿ ಬಂದ ಆರು ತಿಂಗಳಿಗೆ ಟಿಟಿಜಿ 31. ನಡುವೆ ಒಂದು ಪೆಟ್ಟು ಬಿತ್ತು. ನಾನು ಚಿತ್ರದುರ್ಗಕ್ಕೆ ಮದುವೆಗೆ ಹೋಗಿದ್ದಾಗ ಪಕ್ಕದ ಮನೆಯವರು "ಒಂದೇ ಕೆಜಿ" ಅಂತ ಬಂದು ನಮ್ಮ ಗಿರಣಿಯಲ್ಲಿ ಗೋಧಿ ಬೀಸಿಕೊಂಡು ಹೋಗಿದ್ದರು. ಅತ್ತೆ ಇಲ್ಲ ಅನ್ನಲಾಗದೆ ಬಿಟ್ಟುಕೊಟ್ಟಿದ್ದರು. ವಾರ ಪೂರ್ತಿ ಹೊಟ್ಟೆ ಹಿಡಿದು ಮಲಗಿದೆ. ಪೂರಾ ಬಿಚ್ಚಿ, ಬ್ರಷ್ಷಲ್ಲಿ ತಿಕ್ಕಿ, ಹಳೇ ಜಾಲರಿ ಎಸೆದು ಹೊಸದು ಹಾಕಿದ್ದಾಯಿತು. ಈಗ ಗಿರಣಿಗೆ ಬೀಗ.

ರಕ್ತ ಏರಿದ್ದಕ್ಕೆ ಬೇರೆ ಕಾರಣವೂ ಇದೆ. ಊಟವಾದ ಕೂಡಲೇ ಕಾಫಿ ಕುಡಿಯೋದು ಬಿಟ್ಟೆ, ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದೆ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ದಿನಾ. ಮೂಳೆ ಸವೆದಿದೆ ಅಂತ ಡಾಕ್ಟರು ಹೆದರಿಸಿದ್ದರು, ಅದಕ್ಕೆ ರಾಗಿ ತಪ್ಪಿಸಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಡಿ ಮತ್ತು ಬಿ12 ಮಾತ್ರೆ ಡಾಕ್ಟರು ಬರೆದ ಹಾಗೆ ನಡೀತಿದೆ.

ದಾವಣಗೆರೆಯಲ್ಲಿದ್ದು ಬೆಣ್ಣೆದೋಸೆ ಬಿಡೋದು ಹೇಗೆ? ಹೋಟೆಲೊಂದರಲ್ಲಿ ಕೇಳಿದರೆ, ಬಣ್ಣಕ್ಕೆ ಒಂದು ಹಿಡಿ ಮೈದಾ ಹಾಕ್ತೀವಿ ಅಂತ ಪಾಪ ನಿಜ ಹೇಳಿದ. ಅಲ್ಲಿಗೆ ಹೋಟೆಲ್ ಮುಗಿಯಿತು. ಮನೆಯಲ್ಲಿ ಅಕ್ಕಿ, ಉದ್ದು, ಮೆಂತ್ಯ, ನೆನೆಸಿದ ಮಂಡಕ್ಕಿ ಹಾಕಿ ರುಬ್ಬಿದೆ. ಚೆನ್ನಾಗಿಯೇ ಬಂತು. ಅಕ್ಕಿಯ ಅರ್ಧ ತೆಗೆದು ಕೊರಲೆ ಹಾಕಿದರೆ ಇನ್ನೂ ಗರಿಗರಿ. ಮೆಣಸಿನಕಾಯಿ ಬಜ್ಜಿಗೂ ಕಡ್ಲೆಹಿಟ್ಟು ಮನೆಯಲ್ಲೇ ಬೀಸಿದ್ದು. ಮೆಕ್ಕೆಜೋಳದ ರೊಟ್ಟಿ ಮಾತ್ರ ಮೂರು ಸಲ ಮಾಡಿ ಮೂರು ಸಲವೂ ಹಂಚಿನ ಮೇಲೇ ಪುಡಿಯಾಯಿತು. ಸಾಮೆ ರವೆ ಕೇಸರಿಬಾತು ಪರವಾಗಿಲ್ಲ.

ಹೋಳಿಗೆಗೆ ಎರಡು ಯುಗಾದಿ ಹಾಳಾದವು. ಕಣಕ ಹರಿದು ಹೂರಣ ಹಂಚಿಗೆ ಹತ್ತಿ ಮನೆಯೆಲ್ಲ ಬೆಲ್ಲ ಸುಟ್ಟ ವಾಸನೆ. ಮೂರನೇ ವರ್ಷ ಉಕ್ಕರಿಸಿದ ಅಕ್ಕಿ ಹಿಟ್ಟಿಗೆ ಇನ್ನೊಂದು ಹಿಟ್ಟು ಸೇರಿಸಿದೆ. ಯಾವುದು, ಎಷ್ಟು ಅಂತ ಹೇಳಲ್ಲ, ಅಷ್ಟು ಬೆಲ್ಲ ಸುಟ್ಟಿದ್ದೇನೆ. ಬೇಕಾದರೆ ಮನೆಗೆ ಬಂದು ತಿನ್ನಿ. ಅವತ್ತು ನನ್ನ ತಟ್ಟೆಯ ಹೋಳಿಗೆಯನ್ನು ಅತ್ತೆ ತಮ್ಮದು ಅಂದುಕೊಂಡು ತಿಂದು, ತುಪ್ಪ ಹಾಕಿಸಿಕೊಂಡು ಇನ್ನೊಂದು ಕೇಳಿದರು.