ಗಲ್ಲಾ ಲೆಕ್ಕ ತಾಳೆಯಾಗದಿದ್ದರೆ ಕೆಲಸಗಾರರು ಏನು ಮಾಡಬೇಕು?

ದೀಪಾವಳಿಗೆ ಮುಂಚಿನ ವಾರ. ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗಲ್ಲಾ ನನ್ನ ಕೈಯಲ್ಲಿತ್ತು. ರಾತ್ರಿ ಎಣಿಸಿದರೆ 1,850 ರೂಪಾಯಿ ಕಡಿಮೆ. ಎಲ್ಲರ ಕಣ್ಣೂ ಹೊಸದಾಗಿ ಸೇರಿದ್ದ ಹುಡುಗನ ಮೇಲೆ ಬಿತ್ತು, ನನ್ನದೂ ಬಿತ್ತು. ಮೂರು ದಿನದ ಮೇಲೆ ತಿಳಿಯಿತು: ಗಿರಾಕಿ ವಾಪಸ್ ತಂದ ಸೀರೆಗೆ ದುಡ್ಡು ಕೊಟ್ಟವನು ನಾನೇ, ಬರೆಯಲು ಮರೆತವನೂ ನಾನೇ. ಅಷ್ಟರಲ್ಲಿ ಹುಡುಗ ಕೆಲಸ ಬಿಟ್ಟಿದ್ದ.

ಮೊದಲು ಮತ್ತೊಮ್ಮೆ ಎಣಿಸಿ

ಒಬ್ಬರೇ ಎಣಿಸಬೇಡಿ, ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಾಲು ವಾಪಸಾದ ಬಿಲ್ಲು, ಫೋನ್‌ಪೇಯಲ್ಲಿ ಬಂದು ನಗದು ಎಂದು ದಾಖಲಾದ ಹಣ, ಚೀಟಿ ಇಲ್ಲದೆ ಹಮಾಲಿಗೋ ಚಹಾಕ್ಕೋ ಕೊಟ್ಟ ಚಿಲ್ಲರೆ, ಇಷ್ಟನ್ನೂ ನೋಡಿ. ನಾನು ಕಂಡ ಹೆಚ್ಚಿನ ಕೊರತೆಗಳು ಇಲ್ಲೇ ಸಿಕ್ಕಿವೆ.

ಕಂಡದ್ದನ್ನಷ್ಟೇ ಬರೆಯಿರಿ

ಆಮೇಲೂ ಅನುಮಾನ ಉಳಿದರೆ ದಿನ, ಹೊತ್ತು, ಬಿಲ್ ನಂಬರ್, ಮೊತ್ತ ಬರೆದಿಡಿ. ‘ಅವನು ಕದ್ದ’ ಎಂದು ಬರೆಯಬೇಡಿ. ‘ಸಂಜೆ 6.20ಕ್ಕೆ 4,200ರ ಬಿಲ್ ರದ್ದಾಗಿದೆ, ಗಿರಾಕಿ ಅದಕ್ಕೂ ಮುಂಚೆಯೇ ಸೀರೆ ತಗೊಂಡು ಹೋಗಿದ್ದರು’ ಎಂದು ಬರೆಯಿರಿ. ಕದ್ದ ಎನ್ನುವ ಮಾತು ಹಗುರವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಂ ಪ್ರಕಾರ, ಕೆಲಸಗಾರ ಯಜಮಾನರ ಸೊತ್ತು ಕದ್ದರೆ ಏಳು ವರ್ಷದವರೆಗೆ ಜೈಲಾಗಬಹುದು.

ಸಿಸಿಟಿವಿಯಲ್ಲಿ ಹಳೆಯದು ಅಳಿಸಿ ಹೊಸದು ಕೂರುತ್ತ ಹೋಗುತ್ತದೆ. ಆ ದಿನದ ದೃಶ್ಯ ತೆಗೆದಿಡಲು ಬೇಗ ಹೇಳಿ. ಯಾರ ಜೇಬಿಗೂ ಕೈ ಹಾಕಬೇಡಿ, ಯಾರ ಮೊಬೈಲನ್ನೂ ಕಸಿದು ನೋಡಬೇಡಿ, ಬಿಲ್ ತಿದ್ದಲೇಬೇಡಿ.

ಯಾರಿಗೆ ಹೇಳಬೇಕು?

ನೇರ ಸಾವ್ಕಾರ್ರಿಗೆ, ಬೇರೆ ಯಾರೂ ಇಲ್ಲದಾಗ. ಅನುಮಾನ ಮ್ಯಾನೇಜರ್ ಮೇಲೇ ಇದ್ದರೂ ಅಷ್ಟೇ. ‘ಅಣ್ಣಾ, ಈ ಬಿಲ್ ಒಂಚೂರು ನೋಡ್ರಿ’ ಎಂದು ಶುರುಮಾಡಿ, ಬರೆದಿಟ್ಟದ್ದನ್ನು ತೋರಿಸಿ. ಅದನ್ನೇ ಅವರ ವಾಟ್ಸಾಪ್‌ಗೂ ಕಳಿಸಿದರೆ ನೀವು ಹೇಳಿದ್ದಕ್ಕೆ ಗುರುತು ಉಳಿಯುತ್ತದೆ. ಮಂಡಕ್ಕಿ ಮಿರ್ಚಿ ತಿನ್ನುತ್ತ ಜೊತೆಯವರ ಹತ್ತಿರ ಮಾತ್ರ ಬಾಯಿ ಬಿಡಬೇಡಿ. ಪೇಟೆಯಲ್ಲಿ ಒಮ್ಮೆ ಹೆಸರು ಕೆಟ್ಟರೆ ಪಕ್ಕದ ಅಂಗಡಿಯಲ್ಲೂ ಕೆಲಸ ಸಿಗುವುದಿಲ್ಲ.

ಮೋಸ ಗಿರಾಕಿಯದ್ದಾದರೆ

ಮೊಬೈಲಲ್ಲಿ ತೋರಿಸುವ ‘ಹಣ ಹೋಗಿದೆ’ ಎಂಬ ಚಿತ್ರವನ್ನು ನಂಬಬೇಡಿ. ಅಂಗಡಿಯ ಸೌಂಡ್ ಬಾಕ್ಸ್ ಕೂಗಬೇಕು, ಇಲ್ಲವೇ ಅಂಗಡಿ ಖಾತೆಯಲ್ಲಿ ಹಣ ಕಾಣಬೇಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕ್ಯೂಆರ್ ಚೀಟಿ ಸ್ಕ್ಯಾನ್ ಮಾಡಿ, ನಿಮ್ಮ ಅಂಗಡಿ ಹೆಸರೇ ಬರುತ್ತದೆಯೇ ನೋಡಿ. ಮೇಲೆ ಬೇರೆಯವರ ಚೀಟಿ ಅಂಟಿಸಿ ಹೋಗುವವರಿದ್ದಾರೆ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

500ರ ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ಖೋಟಾ ನೋಟು ಗಲ್ಲಾಕ್ಕೆ ಬಂದುಬಿಟ್ಟಿದ್ದರೆ ಇನ್ನೊಬ್ಬ ಗಿರಾಕಿಗೆ ದಾಟಿಸಬೇಡಿ, ಗೊತ್ತಿದ್ದೂ ದಾಟಿಸುವುದು ಅಪರಾಧ. ಬ್ಯಾಂಕಿಗೆ ಒಯ್ದರೆ ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡುತ್ತಾರೆ, ದುಡ್ಡು ವಾಪಸ್ ಬರುವುದಿಲ್ಲ.

ಸಂಬಳದಲ್ಲಿ ಮುರಿದುಕೊಂಡರೆ

ನಮ್ಮ ಕಡೆ ಇದು ವಾಡಿಕೆಯೇ ಆಗಿಹೋಗಿದೆ: ಕಡಿಮೆ ಬಂದಷ್ಟನ್ನೂ ಎಲ್ಲರ ಸಂಬಳದಲ್ಲಿ ಸಮ ಹಂಚಿ ಮುರಿಯುವುದು. ಇದು ಸರಿಯಲ್ಲ. ಹಿಂದೆ 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದದ್ದೂ ಈಗ 2019ರ ವೇತನ ಸಂಹಿತೆಯಲ್ಲಿರುವುದೂ ಒಂದೇ ನಿಯಮ: ನಷ್ಟ ಆ ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಮುರಿಯುವ ಮುಂಚೆ ಅವನ ಮಾತು ಕೇಳಬೇಕು. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತಕ್ಕ ಕಾರಣವಿಲ್ಲದೆ ತೆಗೆಯುವಂತಿಲ್ಲ ಎಂದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ. ಮಾತಿಗೆ ಬಗ್ಗದಿದ್ದರೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ.

ತಪ್ಪು ನಿಮ್ಮದೇ ಆಗಿದ್ದರೆ

ಗೊತ್ತಾದ ಗಳಿಗೆಯಲ್ಲೇ ಹೇಳಿ, ಬೆಳಗಾಗಲು ಕಾಯಬೇಡಿ. ಯಾರ ಮೇಲಾದರೂ ಅನುಮಾನ ಬಂದಿತ್ತೇ? ಎಷ್ಟು ಜನರ ಮುಂದೆ ಬಂದಿತ್ತೋ ಅಷ್ಟೂ ಜನರ ಮುಂದೆ, ಅವರ ಹೆಸರು ಹಿಡಿದು, ತಪ್ಪು ನನ್ನದು ಎನ್ನಿ. ನಾನು ಸಾವ್ಕಾರ್ರೊಬ್ಬರಿಗೇ ಹೇಳಿ ಸುಮ್ಮನಾದೆ. ಉಳಿದವರು ಇವತ್ತಿಗೂ ಆ ಹುಡುಗನೇ ತೆಗೆದ ಎಂದುಕೊಂಡಿರಬಹುದು.